ಸೊಪ್ಪಿನ ಬೆಟ್ಟದ ಮೇಲೊಂದು ಪ್ರಬಂಧ

ತಿದ್ದಿಸಿಕೊಂಡು ಹಿಂದಿರುಗಿ ಬಂದ ನನ್ನ ಮೊದಲ ಪ್ರಬಂಧದ ಮೇಲೆ ಅಂಕ ಇರಲಿಲ್ಲ. ಎರಡನೆಯ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದ ಒಂದು ಸಾಲು ಮಾತ್ರ ಇತ್ತು: ‘ಲೇಖಕರು ಹೀಗೆ ಹೇಳಿರುವುದು ಎಲ್ಲಿ?’

ಆ ಸಾಲಿನ ಎದುರಿಗೆ ನಾನು ಬರೆದದ್ದು ಹೀಗಿತ್ತು: ‘ಅಡಿಕೆ ಬೆಳೆಗಾರರೆಲ್ಲ ಕಾಡನ್ನು ದೋಚುವವರು ಎಂಬ ಲೇಖಕರ ಆರೋಪವನ್ನು ಒಪ್ಪಲು ಸಾಧ್ಯವಿಲ್ಲ.’ ಎಲ್ಲಿ ಎಂದು ತೋರಿಸಿಯೇ ಬಿಡೋಣವೆಂದು ಶಿರಸಿಯ ಹಳೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ನಾನು ಉತ್ತರಿಸಿದ್ದ ಲೇಖನದ ಹನ್ನೊಂದು ಪುಟಗಳ ಝೆರಾಕ್ಸ್ ಪ್ರತಿಯನ್ನು ಮತ್ತೆ ಓದಿದೆ. ‘ದೋಚು’ ಎಂಬ ಪದ ಅದರಲ್ಲಿ ಇರಲಿಲ್ಲ. ‘ಎಲ್ಲರೂ’ ಎಂಬ ಪದವೂ ಇರಲಿಲ್ಲ. ನನ್ನ ಊರಿನ ಬಸ್ಸು ಬಂದು ಹೋಯಿತು. ಮೂರನೆಯ ಬಾರಿ ಓದಿದೆ. ನಾನು ಮೂರು ಪುಟಗಳುದ್ದಕ್ಕೂ ಜಗಳವಾಡಿದ್ದು ಅಲ್ಲಿ ಯಾರೂ ಆಡದ ಮಾತಿನ ಜೊತೆಗೆ.

ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿ. ಎರಡು ಎಕರೆಗೆ ಸ್ವಲ್ಪ ಕಡಿಮೆ ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ. ಘಟ್ಟದ ಮೇಲಿನವರಿಗೆ ಇದನ್ನು ವಿವರಿಸಬೇಕಿಲ್ಲ; ಉಳಿದವರಿಗಾಗಿ ಹೇಳುತ್ತೇನೆ. ಬೆಟ್ಟ ಎಂದರೆ ಇಲ್ಲಿ ಗುಡ್ಡ ಎಂಬ ಅರ್ಥವಲ್ಲ. ತೋಟಕ್ಕೆ ಸೊಪ್ಪು, ದರಕು ಎಂಬ ಉದುರಿದ ಒಣ ಎಲೆ, ಒಣಕಟ್ಟಿಗೆ ತರಲೆಂದು ತೋಟದ ಒಡೆಯರಿಗೆ ಬಿಟ್ಟುಕೊಟ್ಟ ಕಾಡು. ನೆಲ ಸರ್ಕಾರದ್ದು, ಬಳಕೆಯ ಹಕ್ಕು ತೋಟದ್ದು. ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದು 1862ರಲ್ಲಿ. ಆ ಕಾಲದ ಬ್ರಿಟಿಷ್ ಅರಣ್ಯ ಆಡಳಿತದಲ್ಲಿ ರೂಪುಗೊಂಡ ವ್ಯವಸ್ಥೆಯ ಪ್ರಕಾರ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ. ಮತ್ತಿ, ಹೊನ್ನೆ, ನಂದಿ, ಕಿಂದಲ ಮರಗಳ ಸೊಪ್ಪು ಕೊಟ್ಟಿಗೆಗೆ ಬರುತ್ತದೆ, ದನಗಳ ಕಾಲಡಿಯಲ್ಲಿ ಗೊಬ್ಬರವಾಗುತ್ತದೆ, ತೋಟಕ್ಕೆ ಹೋಗುತ್ತದೆ. ನಾನು ನಡೆಯಲು ಕಲಿತದ್ದು ಆ ಸೊಪ್ಪಿನ ಹೊರೆಗಳ ನಡುವೆ.

ಪದವಿಯ ಎರಡನೆಯ ವರ್ಷದಲ್ಲಿ ನಮಗೆ ಬರವಣಿಗೆಯದೇ ಒಂದು ಪಠ್ಯವಿಷಯ ಇತ್ತು. ಲೇಖನ ಓದಬೇಕು, ಅದಕ್ಕೆ ಪ್ರತಿಕ್ರಿಯೆಯಾಗಿ ನಮ್ಮ ವಾದವನ್ನು ಕಟ್ಟಬೇಕು. ಮೇಡಂ ಕೊಟ್ಟ ಮೊದಲ ಲೇಖನ ಬೆಟ್ಟದ್ದು. ಸತತವಾಗಿ ಸೊಪ್ಪು ಕಡಿದು ದರಕು ಗುಡಿಸಿದ್ದರಿಂದ ಬಹಳ ಕಡೆ ಬೆಟ್ಟದ ನೆಲ ಬರಿದಾಗಿದೆ, ಹೊಸ ಸಸಿ ಏಳುತ್ತಿಲ್ಲ. ಆದ್ದರಿಂದ ಈ ಸವಲತ್ತಿನ ಜೊತೆಗೆ ಕಾಡನ್ನು ಮತ್ತೆ ಬೆಳೆಸುವ ಹೊಣೆಯನ್ನೂ ಸೇರಿಸಬೇಕು. ಲೇಖನದ ವಾದ ಇಷ್ಟೇ. ಇಷ್ಟನ್ನು ಹೀಗೆ ಎರಡು ವಾಕ್ಯಗಳಲ್ಲಿ ಹೇಳಲು ನನಗೆ ಮೂರು ವಾರ ಹಿಡಿಯಿತು. ಮೊದಲ ಸಲ ಓದುವಾಗ ‘ಬರಿದಾಗಿದೆ’ ಎಂಬ ಪದದ ಬಳಿ ಬಂದೊಡನೆ ಅಪ್ಪನ ಮುಖ ಕಣ್ಣೆದುರು ನಿಂತಿತು. ಅಲ್ಲಿಂದ ಮುಂದೆ ಕಣ್ಣು ಸಾಲಿನ ಮೇಲೆ ಓಡುತ್ತಿತ್ತು, ಮನಸ್ಸು ಉತ್ತರ ಬರೆಯುತ್ತಿತ್ತು.

ಮೇಡಂ ಎರಡನೆಯ ಪ್ರಬಂಧ ಬರೆಯಲು ಬಿಡಲಿಲ್ಲ. ಅದಕ್ಕೂ ಮೊದಲು ಸಾರ ಬರೆಯಲು ಹೇಳಿದರು. ನೂರೈವತ್ತು ಪದ, ನನ್ನ ಅಭಿಪ್ರಾಯದ ಒಂದು ಪದವೂ ಇರಬಾರದು. ‘ಲೇಖಕರು ಇದನ್ನು ಓದಿದರೆ ಹೌದು, ನಾನು ಹೇಳಿದ್ದು ಇದನ್ನೇ ಎನ್ನಬೇಕು’ ಎಂಬುದು ಅಳತೆಗೋಲು. ನಾಲ್ಕು ಬಾರಿ ಹಿಂದಿರುಗಿಸಿದರು. ಒಮ್ಮೆ ‘ಲೇಖಕರು ವಾದಿಸಲು ಯತ್ನಿಸುತ್ತಾರೆ’ ಎಂದು ಬರೆದಿದ್ದೆ. ‘ಯತ್ನಿಸುತ್ತಾರೆ’ಯ ಕೆಳಗೆ ಗೆರೆ ಬಿತ್ತು. ಸೋತರು ಎಂಬ ತೀರ್ಪನ್ನು ಆ ಪದದೊಳಗೆ ಬಚ್ಚಿಟ್ಟಿದ್ದು ನನಗೇ ಗೊತ್ತಿರಲಿಲ್ಲ. ಇನ್ನೊಮ್ಮೆ ಹೊಣೆಯ ಮಾತನ್ನೇ ಬಿಟ್ಟಿದ್ದೆ. ಲೇಖನದ ಕೊನೆಯ ಮೂರು ಪುಟಗಳು ಇರುವುದೇ ಅದಕ್ಕಾಗಿ.

ಇದರ ಜೊತೆಗೆ ಇನ್ನೊಂದು ಕೆಲಸ. ಪ್ರತಿ ಪ್ಯಾರಾದ ಎಡಕ್ಕೆ ‘ಏನು ಹೇಳುತ್ತದೆ’, ಬಲಕ್ಕೆ ‘ಏನು ಮಾಡುತ್ತದೆ’ ಎಂದು ಬರೆಯಬೇಕು. ಐದನೆಯ ಪ್ಯಾರಾ ಹಳೆಯ ನಿಯಮಗಳನ್ನು ಹೇಳುತ್ತದೆ. ಅದು ಮಾಡುವ ಕೆಲಸ, ಸವಲತ್ತು ಷರತ್ತಿಲ್ಲದೆ ಬಂದದ್ದಲ್ಲ ಎಂದು ತೋರಿಸಿ ಮುಂದಿನ ಬೇಡಿಕೆಗೆ ನೆಲ ಹದಮಾಡುವುದು. ಹೀಗೆ ಬರೆಯುತ್ತ ಹೋದಾಗ ಲೇಖನದ ತೊಲೆ, ಕಂಬ, ಜಂತಿಗಳು ಕಾಣತೊಡಗಿದವು. ಯಾವ ಕಂಬ ಭಾರ ಹೊತ್ತಿದೆ, ಯಾವುದು ಅಂದಕ್ಕೆ ನಿಂತಿದೆ ಎಂಬುದೂ ತಿಳಿಯಿತು. ಇಂದಿಗೂ ಕಷ್ಟದ ಲೇಖನ ಸಿಕ್ಕಿದರೆ ನಾನು ಮಾಡುವುದು ಇದನ್ನೇ. ಓದುವುದನ್ನು ಕಲಿಸುವವರು ಬೇರೇನನ್ನೂ ಕಲಿಸದಿದ್ದರೂ ಇದೊಂದನ್ನು ಕಲಿಸಲಿ ಎನ್ನುತ್ತೇನೆ.

ನಮ್ಮ ಜಿಲ್ಲೆಯಲ್ಲಿ ವಾದವನ್ನು ಕಾಲೇಜಿಗೆ ಹೋಗಿಯೇ ಕಲಿಯಬೇಕೆಂದಿಲ್ಲ. ನನ್ನ ದೊಡ್ಡಪ್ಪ ತಾಳಮದ್ದಲೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳುತ್ತಾರೆ, ಮದ್ದಲೆ ನುಡಿಯುತ್ತದೆ, ಪಾತ್ರಧಾರಿಗಳು ಎದುರುಬದುರು ಕುಳಿತು ಪದ್ಯದ ಅರ್ಥವನ್ನು ಆಶುವಾಗಿ ಬೆಳೆಸುತ್ತಾರೆ. ದೊಡ್ಡಪ್ಪನಿಗೆ ಒಪ್ಪುವ ಪಾತ್ರ ವಾಲಿ. ಬಾಣ ನಾಟಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಸಂದರ್ಭಕ್ಕಾಗಿ ಜನ ಬೆಳಗಿನ ಜಾವದವರೆಗೆ ನಿದ್ದೆಗೆಟ್ಟು ಕಾಯುತ್ತಿದ್ದರು. ನಾನೂ ಕಂಬಳಿ ಹೊದ್ದು ಕಾದವಳೇ.

ಒಂದು ದಿನ ಮೇಡಂ ಆ ಪ್ರಸಂಗವನ್ನೇ ತರಗತಿಗೆ ತಂದರು. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ವಾಲಿ ಕೇಳುವುದನ್ನು ಕಪ್ಪುಹಲಗೆಯ ಒಂದು ಬದಿ ಬರೆದರು. ನಾನು ಇನ್ನೊಬ್ಬನ ಜೊತೆ ಕಾದಾಡುತ್ತಿದ್ದಾಗ ಹೊಡೆದೆ. ನಿನಗೂ ನನಗೂ ವೈರವಿರಲಿಲ್ಲ. ನನ್ನ ಮಾಂಸ, ಚರ್ಮ ಯಾರಿಗೂ ಉಪಯೋಗವಿಲ್ಲ. ಸೀತೆಗಾಗಿಯೇ ಆದರೆ, ನನ್ನನ್ನು ಕೇಳಿದ್ದರೆ ನಾನೇ ತಂದೊಪ್ಪಿಸುತ್ತಿದ್ದೆ. ಇನ್ನೊಂದು ಬದಿ ರಾಮನ ಉತ್ತರ. ಈ ಭೂಮಿ ಇಕ್ಷ್ವಾಕುಗಳದು, ಭರತ ಆಳುತ್ತಿದ್ದಾನೆ, ಅವನ ಪರವಾಗಿ ಧರ್ಮ ಕಾಯುವುದು ನಮ್ಮ ಕೆಲಸ. ನೀನು ತಮ್ಮನ ಹೆಂಡತಿ ರುಮೆಯನ್ನು ಇರಿಸಿಕೊಂಡೆ, ಅದಕ್ಕೆ ಇದು ದಂಡ. ಅಲ್ಲದೆ ನೀನು ಶಾಖಾಮೃಗ. ಬೇಟೆಯಾಡುವವರು ಮರೆಯಲ್ಲಿ ನಿಂತು ಹೊಡೆಯುವುದು ತಪ್ಪಲ್ಲ.

‘ಕೊನೆಯ ಎರಡು ಉತ್ತರಗಳು ಒಂದೇ ಬಾಯಲ್ಲಿ ನಿಲ್ಲುತ್ತವೆಯೇ?’ ಎಂದು ಕೇಳಿ ಮೇಡಂ ಸುಮ್ಮನಾದರು.

ತರಗತಿ ಬಹಳ ಹೊತ್ತು ಮೌನವಾಗಿತ್ತು. ದಂಡ ವಿಧಿಸಬೇಕಾದರೆ ವಾಲಿ ಧರ್ಮಕ್ಕೆ ಉತ್ತರಿಸಬೇಕಾದವನು. ಮೃಗವಾದರೆ ಅವನಿಗೆ ರುಮೆಯ ವಿಷಯದಲ್ಲಿ ಧರ್ಮವನ್ನು ಅನ್ವಯಿಸುವುದು ಹೇಗೆ? ಬೆಳಗಿನ ಜಾವದ ಎಷ್ಟೋ ಅರ್ಥಗಾರಿಕೆಯನ್ನು ಕೇಳಿದ್ದ ನನಗೆ ಒಂದು ಕಾರಣದ ಪಕ್ಕದಲ್ಲಿ ಇನ್ನೊಂದು ಕಾರಣವನ್ನಿಟ್ಟು ಅವು ಕೂಡಿ ಬಾಳುತ್ತವೆಯೇ ಎಂದು ನೋಡುವುದು ಹೊಳೆದದ್ದು ಆ ಗಳಿಗೆಯಲ್ಲಿ. ಮನೆಗೆ ಹೋಗಿ ದೊಡ್ಡಪ್ಪನನ್ನು ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. ‘ಒಳ್ಳೆಯ ರಾಮ ಸಿಕ್ಕಿದರೆ ಅವನು ಇದನ್ನು ಮೊದಲೇ ಕಂಡಿರುತ್ತಾನೆ. ಅದಕ್ಕೆಂದೇ ನಾನು ವಾಲಿಯನ್ನು ಪೂರ್ತಿ ಬಲದಲ್ಲಿ ಹೇಳುವುದು. ಎದುರಿನ ಪಾತ್ರವನ್ನು ಸಣ್ಣದು ಮಾಡಿದರೆ ನನ್ನ ಪಾತ್ರ ಏಳುವುದಿಲ್ಲ’ ಎಂದರು. ನನ್ನ ಪ್ರಬಂಧದ ಅಂಚಿನಲ್ಲಿ ಮೇಡಂ ಬರೆದದ್ದು ಇದನ್ನೇ ಎಂದು ಆಗ ಅರ್ಥವಾಯಿತು.

ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ಹೇಳದೆ ತನ್ನ ಸಿದ್ಧಾಂತಕ್ಕೆ ಹೋಗಬಾರದೆಂಬ ನಮ್ಮ ಶಾಸ್ತ್ರಕಾರರ ಕ್ರಮದ ಬಗ್ಗೆ ಮೇಡಂ ಮುಂದಿನ ವಾರ ಹೇಳಿದರು. ತರ್ಕದ ಪ್ರಾಚೀನ ಗ್ರಂಥವಾದ ನ್ಯಾಯಸೂತ್ರಗಳಲ್ಲಿ ಮಾತಿನ ಮೂರು ಬಗೆ: ತತ್ತ್ವ ತಿಳಿಯಲು ಆಡುವುದು ವಾದ, ಗೆಲ್ಲಲು ಆಡುವುದು ಜಲ್ಪ, ತನ್ನದೆಂಬ ಪಕ್ಷವಿಲ್ಲದೆ ಬರಿದೆ ಖಂಡಿಸುವುದು ವಿತಂಡ. ಕಂಡದ್ದರಿಂದ ಕಾಣದ್ದನ್ನು ತಿಳಿಯುವ ‘ಅನುಮಾನ’ದ ಐದು ಅವಯವಗಳಿಗೆ ನ್ಯಾಯಶಾಸ್ತ್ರದ ಪರಂಪರೆಯಲ್ಲಿ ಕೊಡುವ ಉದಾಹರಣೆಯೂ ಬೆಟ್ಟದ್ದೇ ಆಗಿದ್ದು ನನಗೆ ಸಂತೋಷ ತಂದಿತು. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ಇರುವಂತೆ. ನಡುವಿನ ಆ ಕೊಂಡಿಯನ್ನು ನಾವು ಬಾಯಿಬಿಟ್ಟು ಹೇಳದೆ ಹಾರಿಬಿಡುತ್ತೇವೆ. ಬ್ರಿಟಿಷ್ ತತ್ತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದದ ಅಂಗಗಳನ್ನು ಬಿಡಿಸಿಟ್ಟಾಗ ಒತ್ತಿ ಹೇಳಿದ್ದೂ ಆಧಾರದಿಂದ ನಿಲುವಿಗೆ ದಾಟಿಸುವ ಈ ಕೊಂಡಿಯನ್ನೇ. ಜೊತೆಗೆ ‘ಬಹುಶಃ’, ‘ಬಹುಪಾಲು’ ಎಂಬಂತಹ ಮಿತಿಯ ಪದಗಳಿಗೂ ವಾದದಲ್ಲಿ ಒಂದು ಜಾಗವನ್ನು ಅವನು ಕಲ್ಪಿಸಿದ.

ನನ್ನ ಎರಡನೆಯ ಪ್ರಬಂಧದ ಕೊಂಡಿಗಳನ್ನು ಹುಡುಕಿದೆ. ‘ನಾಲ್ಕು ತಲೆಮಾರಿನಿಂದ ಬೆಟ್ಟವನ್ನು ಬಳಸುತ್ತಿದ್ದೇವೆ, ಆದ್ದರಿಂದ ಅದು ಹಾಳಾಗಿಲ್ಲ.’ ಬಹುಕಾಲ ಬಳಸಿದ್ದೆಲ್ಲ ಚೆನ್ನಾಗಿಯೇ ಉಳಿಯುತ್ತದೆ ಎಂಬುದು ಕೊಂಡಿ. ಬರೆದು ನೋಡಿದೊಡನೆ ಅದು ಕಳಚಿತು. ನಮ್ಮ ಮನೆಯ ಹಿಂದಿನ ಬಾವಿಯೇ ಅದಕ್ಕೆ ಸಾಕ್ಷಿ. ಇನ್ನೊಂದು ನನಗೆ ಬಹಳ ಪ್ರಿಯವಾದ ಪ್ಯಾರಾ. 1983ರ ಸೆಪ್ಟೆಂಬರ್ 8ರಂದು ಇದೇ ತಾಲೂಕಿನ ಸಾಲ್ಕಣಿಯ ಕಡೆಯ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿ ನಿಂತು ಕಡಿತವನ್ನು ತಡೆದರು; ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಇಂಥ ಊರಿನವರು ಕಾಡು ಕೆಡಿಸುತ್ತಾರೆಯೇ ಎಂದು ಕೇಳಿದ್ದೆ. ಮೇಡಂ ಅದರ ಬಳಿ ಬರೆದರು: ‘ನಿಜ, ದೊಡ್ಡ ಸಂಗತಿ. ಆದರೆ ಇದು ಯಾವುದಕ್ಕೆ ಆಧಾರ?’ ಅಲ್ಲಿ ತಡೆದದ್ದು ಅರಣ್ಯದಲ್ಲಿ ಮರ ಕಡಿಯುವುದನ್ನು. ನಮ್ಮ ಬೆಟ್ಟದಲ್ಲಿ ಸೊಪ್ಪು ಕಡಿದ ಮೇಲೆ ಸಸಿ ಏಳುತ್ತದೆಯೇ ಇಲ್ಲವೇ ಎಂಬುದಕ್ಕೆ ಅದು ಏನನ್ನೂ ಹೇಳುವುದಿಲ್ಲ. ಒಂದು ಸಂಗತಿ ನಿಜವೂ ಹೆಮ್ಮೆಯದೂ ಆಗಿದ್ದು ಕೂಡ ನನ್ನ ವಾದಕ್ಕೆ ಸಂಬಂಧಪಡದೆ ಇರಬಹುದು ಎಂಬುದನ್ನು ಒಪ್ಪಿಕೊಳ್ಳಲು ತುಂಬ ಕಷ್ಟವಾಯಿತು. ಆ ಪ್ಯಾರಾವನ್ನು ಹೊಡೆದುಹಾಕುವಾಗ ಕೈ ತಡೆಯಿತು.

ನಾವು ಪ್ರಬಂಧಗಳನ್ನು ಅದಲುಬದಲು ಮಾಡಿಕೊಂಡು ಓದುತ್ತಿದ್ದೆವು. ನನ್ನದು ಅಂಕೋಲಾ ಕಡೆಯ ಒಬ್ಬ ಸಹಪಾಠಿಗೆ ಹೋಯಿತು. ಅವಳ ಮನೆಯವರು ಮೀನುಗಾರರು. ಅವಳು ಕೆಳಗೆ ಬರೆದ ಪ್ರಶ್ನೆ: ‘ನೆಲ ಸರ್ಕಾರದ್ದಾದರೆ, ತೋಟ ಇಲ್ಲದವರಿಗೆ ಈ ಬೆಟ್ಟದ ಸೊಪ್ಪು ಏಕೆ ಇಲ್ಲ?’ ಲೇಖನದ ಲೇಖಕರು ಕೂಡ ಅದನ್ನು ಕೇಳಿರಲಿಲ್ಲ. ನನ್ನ ಬಳಿ ಉತ್ತರ ಇರಲಿಲ್ಲ, ಇಂದಿಗೂ ಪೂರ್ತಿಯಾಗಿ ಇಲ್ಲ. ಕೊನೆಯ ಪ್ರತಿಯಲ್ಲಿ ಆ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಇಟ್ಟು, ನನ್ನ ವಾದ ಬೆಟ್ಟದ ಆರೋಗ್ಯದ ಬಗ್ಗೆ ಮಾತ್ರ, ಹಂಚಿಕೆಯ ನ್ಯಾಯದ ಬಗ್ಗೆ ಅಲ್ಲ ಎಂದು ಗೆರೆ ಎಳೆದೆ.

ಹಾಗಾದರೆ ಆರೋಗ್ಯದ ಬಗ್ಗೆ ನನಗೆ ಏನು ಗೊತ್ತು? ಹುಟ್ಟಿದಾಗಿನಿಂದ ಕಂಡ ಬೆಟ್ಟ, ಆದರೆ ಒಂದು ಸಸಿಯನ್ನೂ ಎಣಿಸಿದವಳಲ್ಲ. ಅಡಿಕೆಯ ಕೊನೆಕೊಯ್ಲಿನ ರಜೆಯಲ್ಲಿ ಬಾವಿಹಗ್ಗ ತೆಗೆದುಕೊಂಡು ಅಪ್ಪನ ಜೊತೆ ಬೆಟ್ಟಕ್ಕೆ ಹೋದೆ. ಇಪ್ಪತ್ತು ಹೆಜ್ಜೆ ಉದ್ದ, ಇಪ್ಪತ್ತು ಹೆಜ್ಜೆ ಅಗಲದ ಚೌಕ. ಮನೆಗೆ ಹತ್ತಿರದ ಚೌಕದಲ್ಲಿ ಒಂಬತ್ತು ಮರ. ಏಳಕ್ಕೆ ತುದಿಯ ಕುಡಿಯವರೆಗೂ ಕತ್ತಿ ಬಿದ್ದಿತ್ತು. ಮೊಣಕಾಲೆತ್ತರದ ಸಸಿ ನಾಲ್ಕು. ನೆಲ ಗುಡಿಸಿದ ಅಂಗಳದಂತೆ ಇತ್ತು. ಹಳ್ಳದಾಚೆಯ ಚೌಕದಲ್ಲಿ ಹದಿನಾಲ್ಕು ಮರ, ಹೆಚ್ಚಿನವಕ್ಕೆ ಕುಡಿ ಉಳಿದಿತ್ತು. ದರಕಿನ ಅಡಿಯಲ್ಲಿ ಕೈಯಾಡಿಸುತ್ತ ಎಣಿಸಿದೆ: ಸಸಿ ಮೂವತ್ತೊಂದು. ನಾನು ಜೋರಾಗಿ ಎಣಿಸುತ್ತಿದ್ದೆ, ಅಪ್ಪ ಪ್ರತಿ ಸಸಿಯ ಹೆಸರು ಹೇಳುತ್ತಿದ್ದರು. ಇಪ್ಪತ್ತು ದಾಟಿದ ಮೇಲೆ ಅವರ ದನಿ ಮೆತ್ತಗಾಯಿತು. ‘ಈಚೆ ಕಡೆಯೂ ಹೀಗೇ ಇತ್ತು ಕೂಸೇ, ನಾನು ಸಣ್ಣವನಿದ್ದಾಗ’ ಎಂದರು.

ಅಂಕೋಲಾದ ಗೆಳತಿಗೆ ಫೋನ್ ಮಾಡಿ ಹೇಳಿದೆ. ‘ಹಳ್ಳದ ತೇವಕ್ಕೆ ಸಸಿ ಎದ್ದಿರಬಾರದೇಕೆ?’ ಎಂದು ಕೇಳಿದಳು. ಸರಿಯಾದ ಪ್ರಶ್ನೆ. ಮರುದಿನ ದೂರದ ಒಣ ಏರಿನ ಮೇಲೆ ಮೂರನೆಯ ಚೌಕ ಹಾಕಿದೆ. ಅಲ್ಲಿ ಹಳ್ಳವಿಲ್ಲ, ಹೊರೆ ಹೊತ್ತು ತರುವುದು ದೂರವೆಂದು ಕತ್ತಿಯೂ ಕಡಿಮೆ ಹೋಗುತ್ತದೆ. ಸಸಿ ಇಪ್ಪತ್ತಾರು. ತೇವವೇ ಕಾರಣ ಎಂಬುದು ಇದರಿಂದ ದುರ್ಬಲವಾಯಿತು, ಸತ್ತೇ ಹೋಗಲಿಲ್ಲ. ಮೂರು ಚೌಕ ಹಿಡಿದು ಇಡೀ ಜಿಲ್ಲೆಯ ಬೆಟ್ಟದ ಬಗ್ಗೆ ಮಾತನಾಡುವಂತಿಲ್ಲ ಎಂಬುದು ಅಷ್ಟರಲ್ಲಿ ನನಗೇ ಗೊತ್ತಾಗಿತ್ತು. ಮೇಡಂ ಪೆನ್ಸಿಲ್ ಎತ್ತಬೇಕಾಗಲಿಲ್ಲ.

ಕರಡನ್ನು ನಾನು ಮೊದಲು ಓದಿ ಹೇಳಿದ್ದು ಅಡಿಕೆ ಸುಲಿಯುವ ಚಪ್ಪರದಲ್ಲಿ. ರಾತ್ರಿ ಹತ್ತರ ಹೊತ್ತು, ಎಂಟು ಜನ ಮೆಟ್ಟುಗತ್ತಿಯ ಮುಂದೆ. ಹಸಿ ಅಡಿಕೆಯ ಚೊಗರು ವಾಸನೆ, ಹೊರಗೆ ಒಲೆಯ ಮೇಲೆ ಹಂಡೆಯಲ್ಲಿ ಬೇಯುತ್ತಿರುವ ಅಡಿಕೆ. ಮೊದಲ ಅರ್ಧಪುಟ ಲೇಖಕರ ಪಕ್ಷ. ಓದಿ ಮುಗಿಸುವುದರೊಳಗೆ ಒಬ್ಬರು ಕತ್ತಿಯಿಂದ ಕೈ ತೆಗೆದು ‘ನೀನು ಅವರ ಕಡೆಯವಳಾದೆಯಾ?’ ಎಂದರು. ಇನ್ನೊಬ್ಬರು, ತೋಟವಿಲ್ಲದೆ ನಲವತ್ತು ವರ್ಷ ನಮ್ಮೂರಿನ ತೋಟಗಳಲ್ಲಿ ದುಡಿದವರು, ‘ಮುಂದೆ ಓದಲಿ, ಸುಮ್ಮನಿರಿ’ ಎಂದರು. ಮುಂದೆ ಓದಿದೆ. ಬೆಟ್ಟ ತೆಳುವಾಗಿದೆ ಎಂಬುದನ್ನು ನಮ್ಮ ಮನೆಯ ಹತ್ತಿರದ ಭಾಗದ ಮಟ್ಟಿಗೆ ಒಪ್ಪುತ್ತೇನೆ. ಆದರೆ ಸೊಪ್ಪು ಕಡಿದ ಕಡೆಯೆಲ್ಲ ಹೀಗಾಗಿಲ್ಲ. ಕುಡಿ ಉಳಿಸಿ, ಜಾಗ ಬದಲಿಸಿ ಕಡಿದಲ್ಲಿ ಸಸಿ ಎದ್ದಿದೆ. ಆದ್ದರಿಂದ ಹೊಣೆ ಇರಲಿ ಎಂಬ ಲೇಖಕರ ಮಾತು ಸರಿ; ಆದರೆ ಆ ಹೊಣೆಯನ್ನು ಎಷ್ಟು ಕಡಿದರು ಎಂಬುದರಿಂದ ಮಾತ್ರ ಅಳೆಯಬಾರದು, ಹೇಗೆ ಕಡಿದರು, ಎಲ್ಲಿ ಕಡಿದರು ಎಂಬುದನ್ನೂ ನೋಡಬೇಕು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕುಡಿ ಕಡಿಯಬಾರದೆಂಬ ಮಾತಿಗೆ ಮೂವರು ತಲೆಯಾಡಿಸಿದರು. ದರಕು ಪೂರ್ತಿ ಗುಡಿಸದಿದ್ದರೆ ಬೇಸಿಗೆಯ ಬೆಂಕಿಗೆ ಯಾರು ಉತ್ತರ ಕೊಡುತ್ತಾರೆ ಎಂದು ಒಬ್ಬರು ಕೇಳಿದರು. ಅದು ನನ್ನ ಪ್ರಬಂಧದಲ್ಲಿ ಇರಲೇ ಇಲ್ಲ. ಅಲ್ಲಿಯೇ ಅಡಿಕೆ ಗೊನೆಯ ಮೇಲೆ ಹಾಳೆಯಿಟ್ಟು ಬರೆದುಕೊಂಡೆ. ಆ ರಾತ್ರಿಯ ಮಾತುಕತೆಗೆ ಸಮನಾದ ಇನ್ನೊಂದು ವಿಮರ್ಶೆ ನನ್ನ ಬರವಣಿಗೆಗೆ ಆಮೇಲೆ ಸಿಕ್ಕಿಲ್ಲ.

ಅಪ್ಪ ಮಾತ್ರ ಏನೂ ಹೇಳಿರಲಿಲ್ಲ. ಶುದ್ಧಪ್ರತಿಯನ್ನು ಕಾಲೇಜಿಗೆ ಒಯ್ಯುವ ಹಿಂದಿನ ದಿನ ಅವರೇ ಕೇಳಿ ಪಡೆದು, ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕುಳಿತು ಓದಿದರು. ಮನೆಯ ಹತ್ತಿರದ ಚೌಕದ ಲೆಕ್ಕ ಇರುವ ಪುಟದಲ್ಲಿ ಬಹಳ ಹೊತ್ತು ನಿಂತರು.

‘ಇದನ್ನು ಬರೆಯಲೇಬೇಕಿತ್ತೇ?’

‘ಹೌದಪ್ಪ. ಅದಿಲ್ಲದಿದ್ದರೆ ಹಳ್ಳದಾಚೆಯದನ್ನು ಯಾರೂ ನಂಬುವುದಿಲ್ಲ.’

ಅವರು ತಲೆಯಾಡಿಸಲಿಲ್ಲ, ಬೇಡವೆನ್ನಲೂ ಇಲ್ಲ. ಪುಟ ತಿರುಗಿಸಿದರು. ಕೊನೆಯ ಪ್ಯಾರಾದಲ್ಲಿ ನಾನು, ಏರಿನ ದಾರಿಯ ಮೂರು ಹೊನ್ನೆ ಮರಗಳನ್ನು ಅಜ್ಜ ನೆಟ್ಟದ್ದು, ಬೆಟ್ಟದವರು ಕಡಿಯುವುದಷ್ಟೇ ಅಲ್ಲ, ನೆಡುತ್ತಲೂ ಬಂದಿದ್ದಾರೆ ಎಂದು ಬರೆದಿದ್ದೆ. ಸಣ್ಣಂದಿನಿಂದ ಹಾಗೆಯೇ ಕೇಳಿದ್ದೆ. ಅಪ್ಪ ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಅಂಚಿನಲ್ಲಿ, ತಮ್ಮ ಓರೆ ಅಕ್ಷರದಲ್ಲಿ, ನಿಧಾನವಾಗಿ ಬರೆದರು: ‘ನೆಟ್ಟದ್ದಲ್ಲ. ತಾವಾಗಿ ಬಂದದ್ದು. ದನ ಮೇಯದ ಹಾಗೆ ಅಜ್ಜ ಮುಳ್ಳು ಕಟ್ಟಿದ್ದರು.’

ದೀಪ ಹಚ್ಚಿಕೊಂಡು ಆ ಪ್ಯಾರಾವನ್ನು ಮೊದಲಿನಿಂದ ಬರೆಯಲು ಕುಳಿತೆ.